ಮಳೆ, ಘಟ್ಟ, ಹಳೆಯ ಮನೆಯ ವಯರಿಂಗ್: ನಮ್ಮ ಕಡೆಗೆ ವಿದ್ಯುತ್ ಸ್ಕೂಟರ್ ಒಗ್ಗುತ್ತದೆಯೇ?

ತುಂಗಾತೀರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಕೋಣಂದೂರಿನ ಕಡೆಗೆ ಹೋಗುವ ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆಯಿದೆ. ಪೇಟೆಯ ಒಂದು ಸಹಕಾರ ಸಂಘದಲ್ಲಿ ನನಗೆ ಕೆಲಸ. ಹೋಗಿಬರುವುದು ಸೇರಿ ದಿನಕ್ಕೆ 38 ಕಿ.ಮೀ. ಓಡಾಟವಾಗುತ್ತದೆ. ಹನ್ನೊಂದು ವರ್ಷ ದುಡಿದ ನನ್ನ ಪೆಟ್ರೋಲ್ ಸ್ಕೂಟರ್ ಇನ್ನೊಂದು ಮಳೆಗಾಲವನ್ನು ದಾಟುವಂತೆ ಕಾಣುತ್ತಿಲ್ಲವಾದ್ದರಿಂದ, ಬೇಸಗೆ ಮುಗಿಯುವುದರೊಳಗೆ ವಿದ್ಯುತ್ ಸ್ಕೂಟರ್ ಕೊಳ್ಳಬೇಕೆಂದು ಯೋಚಿಸಿದ್ದೇನೆ.

ಮನೆಯಲ್ಲಿ ಮಾವನವರು ಒಪ್ಪುತ್ತಿಲ್ಲ. ಸ್ಕೂಟರಿಗೆ ಬೆಂಕಿ ಹತ್ತಿದ ದೃಶ್ಯಗಳನ್ನು ಅವರು ಫೋನಿನಲ್ಲಿ ನೋಡಿದ್ದಾರೆ. ನಮ್ಮದು ಮರದ ಮುಚ್ಚಿಗೆಯ ಹಳೆಯ ಮನೆ. ಅಟ್ಟದ ಮೇಲೆ ವರ್ಷದ ಬಹುಕಾಲ ಒಣ ಅಡಿಕೆಯ ಚೀಲಗಳಿರುತ್ತವೆ, ಜಗಲಿಗೆ ತಾಗಿಕೊಂಡೇ ಕೊಟ್ಟಿಗೆ ಮತ್ತು ಹುಲ್ಲಿನ ರಾಶಿ. ಚಾರ್ಜ್ ಮಾಡಲು ಇರುವುದು ಜಗಲಿಯ ಒಂದೇ ಒಂದು ಪ್ಲಗ್ಗು. ಹೀಗಿರುವಾಗ ಅವರ ಮಾತನ್ನು ಮುದುಕರ ಹಟವೆಂದು ತೆಗೆದುಹಾಕಲು ನನಗೂ ಧೈರ್ಯ ಬರುತ್ತಿಲ್ಲ.

ನನ್ನ ಸಂದೇಹಗಳು ಬೇರೆಯೂ ಇವೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷದವರೆಗೆ ಗಾಡಿಯ ಮೈ ಒಣಗುವುದೇ ಇಲ್ಲ. ಅಷ್ಟು ದಿನ ನೆನೆದರೆ ಬ್ಯಾಟರಿ, ಮೋಟಾರುಗಳ ಗತಿಯೇನು? ಮರ ಬಿದ್ದು ತಂತಿ ತುಂಡಾದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಸರ್ವೀಸ್ ಮಾಡಿಸಲು ಶಿವಮೊಗ್ಗಕ್ಕೇ ಹೋಗಬೇಕು. ಎರಡು ತಿಂಗಳಿಗೊಮ್ಮೆ ಮಗಳನ್ನು ಹಿಂದೆ ಕೂರಿಸಿಕೊಂಡು ಆಗುಂಬೆ ಘಟ್ಟ ಇಳಿದು ಹೆಬ್ರಿಯ ತವರುಮನೆಗೆ ಹೋಗುವ ರೂಢಿಯೂ ಇದೆ. ಮನೆಯಿಂದ ಅಲ್ಲಿಗೆ ಸುಮಾರು 75 ಕಿ.ಮೀ. ಆಗುತ್ತದೆ. ಬೆಂಗಳೂರಿನ ಸಪಾಟು ರಸ್ತೆಯಲ್ಲಿ ಓಡಿಸುವವರ ಅಭಿಪ್ರಾಯಗಳನ್ನು ಬೇಕಾದಷ್ಟು ಓದಿಯಾಗಿದೆ. ನಮ್ಮ ಸೀಮೆಯಲ್ಲಿ ಓಡಿಸಿದವರು, ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೇ ಮೀಟರ್ ಬೋರ್ಡು:

ಐಟಿಐ ಒಂದರಲ್ಲಿ ವಿದ್ಯುತ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು ನಾನು. ಈಗ ಊರಿನವರ ಮನೆಗಳ ವಯರಿಂಗ್ ಪರೀಕ್ಷಿಸಿಕೊಡುವುದೇ ಹೊತ್ತು ಕಳೆಯುವ ದಾರಿ. ನಿಮ್ಮ ಮಾವನವರಿಗಿರುವ ಭಯ ಸಕಾರಣವಾದದ್ದೇ. ಅವರು ಸ್ಕೂಟರನ್ನು ಸಂಶಯದಿಂದ ನೋಡುವಷ್ಟೇ ಸಂಶಯದಿಂದ ಜಗಲಿಯ ಆ ಪ್ಲಗ್ಗನ್ನೂ ನೋಡಿದರೆ ಅರ್ಧ ಅಪಾಯ ಕಳೆಯಿತು.

ಮೊದಲು ಬೆಂಕಿಯ ವಿಚಾರ. 2022ರ ಮಾರ್ಚ್ ತಿಂಗಳಲ್ಲಿ ಪುಣೆಯ ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಸ್ಕೂಟರ್ ತಾನಾಗಿ ಹೊತ್ತಿ ಉರಿಯಿತು. ಅದೇ ತಿಂಗಳು ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಗಾಡಿಗೆ ಬೆಂಕಿ ಹತ್ತಿ, ಅದರ ಹೊಗೆಯಿಂದ ಉಸಿರುಗಟ್ಟಿ ತಂದೆ ಮತ್ತು ಮಗಳು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ, ಕೆಳಗೆ ಸ್ಕೂಟರ್ ಮಳಿಗೆ ಮತ್ತು ಮೇಲೆ ವಸತಿಗೃಹವಿದ್ದ ಕಟ್ಟಡದಲ್ಲಿ ಎಂಟು ಜನ ಸತ್ತರು. ಆ ವರ್ಷದ ಏಪ್ರಿಲ್‌ನಲ್ಲಿಯೇ ಮೂರು ಕಂಪನಿಗಳು ಒಟ್ಟು ಆರು ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ತಪಾಸಣೆಗೆಂದು ಹಿಂದಕ್ಕೆ ಕರೆಸಿಕೊಂಡವು. ಇವುಗಳ ಹಿಂದೆಯೇ ಕೇಂದ್ರ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಅದನ್ನು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಎರಡನೆಯ ಹಂತದ ತಿರುಳು ಇದು: ಪೆಟ್ಟಿಗೆಯೊಳಗಿನ ಒಂದು ಸೆಲ್ ತನ್ನೊಳಗೇ ಶಾರ್ಟ್ ಆಗಿ ಕಾದರೂ ಆ ಕಾವು ಪಕ್ಕದ ಸೆಲ್‌ಗಳಿಗೆ ದಾಟಿ ಇಡೀ ಬ್ಯಾಟರಿಯನ್ನು ಹೊತ್ತಿಸಬಾರದು, ಸವಾರನಿಗೆ ಮೊದಲೇ ಎಚ್ಚರಿಕೆ ಸಿಗಬೇಕು. ಆದ್ದರಿಂದ 2023ರ ಏಪ್ರಿಲ್‌ಗಿಂತ ಮುಂಚೆ ತಯಾರಾದ ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಮೋಟಾರಿನ, ನೋಂದಣಿಯೂ ಲೈಸೆನ್ಸೂ ಬೇಡವೆಂದು ಮಾರುವ ಗಾಡಿಗಳ ಗೋಜಿಗೂ ಹೋಗಬೇಡಿ. ಅವು ನಿಮ್ಮ ಮನೆಯ ಏರನ್ನೇ ಹತ್ತಲಾರವು.

ಬ್ಯಾಟರಿಯ ಬಗೆ ಯಾವುದೆಂದು ಅಂಗಡಿಯವರನ್ನು ಕೇಳಿ. ಪೇಟೆಯಲ್ಲಿ ಮುಖ್ಯವಾಗಿ ಸಿಗುವುದು ಎರಡು: ಎನ್‌ಎಂಸಿ ಎಂಬುದು ಹಗುರ, ಅಷ್ಟೇ ತೂಕಕ್ಕೆ ಹೆಚ್ಚು ದೂರ ಓಡಿಸುತ್ತದೆ, ಎಲ್‌ಎಫ್‌ಪಿ ಎಂಬುದು ಸ್ವಲ್ಪ ಭಾರ, ಆದರೆ ಕಾವಿಗೆ ಹೆಚ್ಚು ತಡೆದುಕೊಳ್ಳುತ್ತದೆ, ಬಾಳಿಕೆಯೂ ಹೆಚ್ಚು. ಅಡಿಕೆಯ ಅಟ್ಟವಿರುವ ಮನೆಗೆ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಇನ್ನು ಗೋಡೆಯ ಕಡೆಗೆ ಬರೋಣ. ಮನೆಗೆ ಕೊಡುವ ಸಾಮಾನ್ಯ ಚಾರ್ಜರ್ 750 ವ್ಯಾಟಿನ ಆಸುಪಾಸಿನದು. 230 ವೋಲ್ಟಿನಲ್ಲಿ ಅದು ಎಳೆಯುವುದು ಮೂರೂ ಕಾಲು ಆಂಪಿಯರ್ ಅಷ್ಟೇ. ಮಿಕ್ಸಿಯೂ ಹೆಚ್ಚುಕಡಿಮೆ ಅಷ್ಟನ್ನೇ ಎಳೆಯುತ್ತದೆ, ಆದರೆ ಹತ್ತು ನಿಮಿಷ ಮಾತ್ರ. ಸ್ಕೂಟರ್ ಎಳೆಯುವುದು ಸತತ ನಾಲ್ಕೈದು ತಾಸು, ಅದೂ ನಾವು ಮಲಗಿರುವಾಗ. ಸಡಿಲಗೊಂಡ ಪ್ಲಗ್ಗು, ಪಾಚಿಬಣ್ಣಕ್ಕೆ ತಿರುಗಿದ ಹಿತ್ತಾಳೆಯ ಪಿನ್ನು, ಮರದ ಪಟ್ಟಿಯ ಮೇಲೆ ಎಳೆದ ನಲವತ್ತು ವರ್ಷದ ಅಲ್ಯೂಮಿನಿಯಂ ತಂತಿ, ಇವು ಅಷ್ಟು ಹೊತ್ತಿನಲ್ಲಿ ನಿಧಾನವಾಗಿ ಕಾಯುತ್ತವೆ. ನಮ್ಮ ಮನೆಗಳಲ್ಲಿ ಆ ಪಟ್ಟಿಯ ಹಿಂದೆ ಇರುವುದು ಒಣಗಿದ ಹಲಗೆ. ಮೀಟರ್ ಬೋರ್ಡಿನಿಂದ ನೇರವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪ್ರತ್ಯೇಕವಾಗಿ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ, ಅದಕ್ಕೆಂದೇ, ಹೊರೆ ಹೆಚ್ಚಾದರೆ ತಾನೇ ಕಡಿದುಕೊಳ್ಳುವ ಒಂದು ಎಂಸಿಬಿ ಮತ್ತು ಕರೆಂಟು ಸೋರಿದರೆ ಕಡಿದುಕೊಳ್ಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಡಿಸಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಈ ಕೆಲಸಕ್ಕೆ ಎಂದೂ ಬಳಸಬೇಡಿ.

ಅರ್ತಿಂಗ್ ಇದೆಯೇ ಎಂಬುದನ್ನು ನೋಡಲೇಬೇಕು. ನಾನು ಪರೀಕ್ಷಿಸುವ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ಇದ್ದರೂ ನಮ್ಮ ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿ ಕಲ್ಲಾಗುವುದರಿಂದ ಅರ್ತ್ ಗುಂಡಿ ಕೆಲಸ ಮಾಡುವುದಿಲ್ಲ. ಇದ್ದಿಲು, ಉಪ್ಪು ತುಂಬಿಸಿ ಬೇಸಗೆಯಲ್ಲಿ ಆಗಾಗ ನೀರು ಹಾಕಬೇಕು.

ನಮ್ಮ ಕಡೆಯ ಇನ್ನೊಂದು ಅಪಾಯವನ್ನು ನಗರದವರು ಬರೆಯುವುದಿಲ್ಲ. ಮರ ಬಿದ್ದು ಕಂಬದ ಮೇಲಿನ ನ್ಯೂಟ್ರಲ್ ತಂತಿ (ಕರೆಂಟು ಮರಳಿ ಹೋಗುವ ತಂತಿ) ಮಾತ್ರ ತುಂಡಾದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ನುಗ್ಗಿಬಿಡುತ್ತದೆ. ಟಿವಿ, ಫ್ರಿಜ್ಜುಗಳು ಒಟ್ಟಿಗೇ ಸುಟ್ಟುಹೋದ ಮನೆಗಳನ್ನು ನೀವೂ ಕಂಡಿರುತ್ತೀರಿ. ವೋಲ್ಟೇಜ್ ಏರಿದರೂ ಇಳಿದರೂ ತಾನೇ ಕಡಿದುಕೊಳ್ಳುವ ಉಪಕರಣವೊಂದನ್ನು ಆ ಸಾಕೆಟ್ಟಿನ ಮುಂದೆ ಕೂರಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಚಾರ್ಜರನ್ನು ಪ್ಲಗ್ಗಿನಿಂದ ಕೀಳುವುದು ಉತ್ತಮ. ಸ್ವಿಚ್ ಆರಿಸಿದರೆ ಸಿಡಿಲಿಗೆ ಅದು ಲೆಕ್ಕವಲ್ಲ.

ಹೊಗೆ ಕಂಡರೆ ಏನು ಮಾಡಬೇಕೆಂಬುದನ್ನು ಮನೆಯವರಿಗೆಲ್ಲ ಹೇಳಿಡಿ. ಮೇನ್ ಆರಿಸಿ, ಜನರನ್ನೂ ದನಗಳನ್ನೂ ಹೊರಗೆ ಕರೆದೊಯ್ದು, 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ. ಗಾಡಿಯನ್ನು ಎಳೆದು ಉಳಿಸುವ ಸಾಹಸ ಬೇಡ. ಲಿಥಿಯಂ ಬ್ಯಾಟರಿಯ ಬೆಂಕಿ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಪುಡಿಯ ಸಿಲಿಂಡರಿನಿಂದ ಜ್ವಾಲೆ ಅಡಗಬಹುದು, ಒಳಗಿನ ಕಾವು ಇಳಿಯುವುದಿಲ್ಲ. ಅದಕ್ಕೆ ದೂರದಿಂದ ಬಹಳ ಹೊತ್ತು ನೀರು ಹಾಯಿಸಬೇಕಾಗುತ್ತದೆ.

ಹೊಸನಗರದ ಸವಾರ:

ಮೂರು ಮಳೆಗಾಲ ಮತ್ತು 31,000 ಕಿ.ಮೀ. ಓಡಿಸಿದವನಾಗಿ ಮಳೆಯ ಬಗ್ಗೆ ಬರೆಯುತ್ತೇನೆ. ವಯರಿಂಗ್ ವಿಚಾರದಲ್ಲಿ ಮೇಲಿನ ಹಿರಿಯರು ಬರೆದುದಕ್ಕೆ ಸೇರಿಸುವಂಥದ್ದು ನನ್ನಲ್ಲಿಲ್ಲ.

ಹುಲಿಕಲ್ ಕಡೆಯ ಮಳೆಯಲ್ಲಿ ಓಡಾಡಿದ ನನ್ನ ಗಾಡಿಯ ಬ್ಯಾಟರಿಗೆ ಇದುವರೆಗೆ ನೀರು ಹೊಕ್ಕಿಲ್ಲ. ಬ್ಯಾಟರಿಯ ಮೇಲೆ ಐಪಿ67 ಎಂದು ಬರೆದಿರುತ್ತಾರೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ನೀರು ಹೋಗಬಾರದು ಎಂಬುದು ಆ 7ರ ಅರ್ಥ. ಆದರೆ ಆ ಪರೀಕ್ಷೆ ಹೊಸ ಪೆಟ್ಟಿಗೆಗೆ, ನಿಂತ ನೀರಿನಲ್ಲಿ ನಡೆಯುವಂಥದ್ದು. ಮೂರು ವರ್ಷ ಕುಲುಕಾಡಿ ರಬ್ಬರ್ ಪಟ್ಟಿ ಗಡಸಾದ ಪೆಟ್ಟಿಗೆ ಹಳ್ಳದ ಕೆಸರು ನೀರಿನಲ್ಲಿ ಹೇಗಿರುತ್ತದೆಂಬುದಕ್ಕೆ ಅದು ಖಾತರಿಯಲ್ಲ. ಆದ್ದರಿಂದ ಸಂಕದ ಮೇಲೆ ನೀರು ಹರಿಯುತ್ತಿದ್ದರೆ ನಾನು ಗಾಡಿಯನ್ನು ಈಚೆಗೇ ನಿಲ್ಲಿಸಿ ಕಾಯುತ್ತೇನೆ. ಪೆಟ್ರೋಲ್ ಗಾಡಿಯಿದ್ದಾಗಲೂ ಹಾಗೆಯೇ ಮಾಡಬೇಕಿತ್ತು, ಮಾಡುತ್ತಿರಲಿಲ್ಲ.

ತೊಂದರೆ ಬಂದದ್ದು ಬ್ಯಾಟರಿಯ ಹೊರಗೆ. ಎರಡನೆಯ ಮಳೆಗಾಲದಲ್ಲಿ ಬ್ರೇಕ್ ಹಿಡಿಯ ಬುಡದ ಸ್ವಿಚ್ಚಿಗೆ ತೇವ ಹಿಡಿಯಿತು. ವಿದ್ಯುತ್ ಗಾಡಿಯಲ್ಲಿ ಬ್ರೇಕ್ ಹಿಡಿದೊಡನೆ ಮೋಟಾರಿಗೆ ಹೋಗುವ ಶಕ್ತಿ ಕಡಿದುಹೋಗುವ ವ್ಯವಸ್ಥೆಯಿರುತ್ತದೆ; ಸ್ವಿಚ್ ಕೆಟ್ಟು, ನಾನು ಬ್ರೇಕ್ ಹಿಡಿಯದೆಯೇ ಹಿಡಿದಿದ್ದೇನೆಂದು ಗಾಡಿ ತಿಳಿಯತೊಡಗಿತು. ಬಸ್ಸೊಂದು ಹಿಂದಿನಿಂದ ಬರುತ್ತಿರುವಾಗ ಏರಿನ ನಡುವೆ ಗಾಡಿ ಸತ್ತಂತೆ ನಿಂತರೆ ಆಗುವ ಗಾಬರಿಯನ್ನು ವಿವರಿಸಬೇಕಾಗಿಲ್ಲ. ಸೈಡ್‌ಸ್ಟ್ಯಾಂಡಿನ ಸೆನ್ಸರಿಗೆ ಕೆಸರು ಮೆತ್ತಿಕೊಂಡರೂ ಇದೇ ಕತೆ. ಈಗ ವಾರಕ್ಕೊಮ್ಮೆ ಈ ಎರಡನ್ನೂ ಬಟ್ಟೆಯಿಂದ ಒರೆಸುತ್ತೇನೆ; ಮಳೆಗಾಲಕ್ಕೆ ಮುಂಚೆ ಸರ್ವೀಸ್ ಸೆಂಟರಿನಲ್ಲಿ ಕನೆಕ್ಟರುಗಳನ್ನೆಲ್ಲ ಬಿಚ್ಚಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸುತ್ತೇನೆ. ಗಾಡಿ ತೊಳೆಯುವ ಅಂಗಡಿಯವರಿಗೆ ಒತ್ತಡದ ನೀರನ್ನು ಚಾರ್ಜಿಂಗ್ ಬಾಯಿಗೂ ಮೋಟಾರಿಗೂ ಹಿಡಿಯದಂತೆ ಮೊದಲೇ ಹೇಳಿ. ಇಲಿಯ ಮಾತು ನಗೆಗೀಡಾಗಬಹುದು, ಆದರೂ ಬರೆಯುತ್ತೇನೆ: ಅಡಿಕೆ ಮನೆಯ ಇಲಿ ನನ್ನ ಗಾಡಿಯ ತಂತಿಯನ್ನು ಒಮ್ಮೆ ಕಡಿದು, ಹಲವು ಸಾವಿರ ರೂಪಾಯಿಯ ಹಾರ್ನೆಸ್ (ತಂತಿಗಳ ಇಡೀ ಕಟ್ಟು) ಬದಲಿಸಬೇಕಾಯಿತು. ವಾರಂಟಿಗೆ ಅದು ಸೇರಲಿಲ್ಲ.

ಜಾರುವ ವಿಚಾರವನ್ನು ಯಾರೂ ಎತ್ತದಿರುವುದು ನನಗೆ ಸೋಜಿಗವೆನಿಸುತ್ತದೆ. ನಮ್ಮಲ್ಲಿ ಜುಲೈ ಹೊತ್ತಿಗೆ ಕಾಂಕ್ರೀಟ್ ರಸ್ತೆಯ ಅಂಚಿಗೆ ಪಾಚಿ ಕಟ್ಟುತ್ತದೆ, ಡಾಂಬರಿನ ಮೇಲೆ ಎಲೆ ಕೊಳೆಯುತ್ತದೆ. ವಿದ್ಯುತ್ ಮೋಟಾರಿನ ಎಳೆತ ಕೈ ತಿರುಗಿಸಿದ ಕ್ಷಣವೇ ಪೂರ್ತಿ ಬರುವುದರಿಂದ ಹಿಂದಿನ ಚಕ್ರ ಅಂಥಲ್ಲಿ ಸುಲಭವಾಗಿ ಜಾರಿಬಿಡುತ್ತದೆ. ನಾನು ಬಿದ್ದದ್ದು ಒಂದೇ ಸಲ, ಅದೂ ಮನೆಯ ಅಂಗಳದಲ್ಲಿ. ಮಳೆಗಾಲ ಪೂರ್ತಿ, ಎಳೆತ ಕಡಿಮೆಯಿರುವ ಇಕೋ ಮೋಡಿನಲ್ಲಿಯೇ ಓಡಿಸಿ. ಟೈರಿನ ಗೆರೆ ಸವೆಯುವವರೆಗೆ ಕಾಯದೆ ಬದಲಿಸಿ.

ಕರೆಂಟಿನ ಬಗ್ಗೆ: 3 ಕಿಲೋವ್ಯಾಟ್ ಅವರ್ (ಎಂದರೆ 3 ಯೂನಿಟ್) ಬ್ಯಾಟರಿಯ ಗಾಡಿ ನಮ್ಮ ಏರಿಳಿತದಲ್ಲಿ ಕಿಲೋಮೀಟರಿಗೆ 33ರಿಂದ 38 ವ್ಯಾಟ್ ಅವರ್ ತಿನ್ನುತ್ತದೆಂಬುದು ನನ್ನ ಲೆಕ್ಕ. ಪೂರ್ತಿ ಚಾರ್ಜಿಗೆ ನಂಬಿಕೊಳ್ಳಬಹುದಾದದ್ದು 75 ಕಿ.ಮೀ.; ಕಂಪನಿಯ ಜಾಹೀರಾತಿನ ದೂರವನ್ನು ಮರೆತುಬಿಡಿ. ನಿಮ್ಮ ಓಡಾಟಕ್ಕೆ ಅದು ಒಂದು ದಿನ ದಾಟಿ ಇನ್ನೊಂದು ದಿನಕ್ಕೆ ಮುಟ್ಟೂಮುಟ್ಟದಂತೆ ಸಾಕಾಗುತ್ತದೆ. ಸಂಘದ ಕಟ್ಟಡದಲ್ಲಿ ಪ್ಲಗ್ಗು ಸಿಗುವುದಾದರೆ ಮೂರು ದಿನದ ಕರೆಂಟ್ ಕಡಿತವನ್ನು ದಾಟಬಹುದು. ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡುವ ಆಸೆ ಬೇಡ. ಅದರ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿರುವುದು 1.8 ಕಿಲೋವ್ಯಾಟ್ ಅವರ್. ಅದನ್ನು ಪೂರ್ತಿ ಬರಿದು ಮಾಡಿದರೂ ಗಾಡಿಯ ಹೊಟ್ಟೆ ತುಂಬುವುದಿಲ್ಲ, ಮನೆ ಮಾತ್ರ ಕತ್ತಲಾಗುತ್ತದೆ.

ಗಾಜನೂರು:

ಮೇಲಿನ ಇಬ್ಬರೂ ಅನುಭವಸ್ಥರು. ಅವರ ಮಾತುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರೂ ತಮ್ಮ ಕೈಯಲ್ಲಿರುವ ಎಚ್ಚರಿಕೆಗಳನ್ನಷ್ಟೇ ಬರೆದಿದ್ದಾರೆ. ಗಾಡಿ ನಮ್ಮ ಕೈ ಮೀರಿ ಕೆಟ್ಟಾಗ ಏನಾಗುತ್ತದೆಂಬುದನ್ನು ನಾನು ಬರೆಯಬೇಕಾಗಿದೆ, ಏಕೆಂದರೆ ಒಂದೂವರೆ ವರ್ಷಕ್ಕೇ ನನ್ನ ಗಾಡಿಯನ್ನು ಮಾರಿದೆ.

ಕಂಪನಿಯ ಹೆಸರು ಇಲ್ಲಿ ಅನಗತ್ಯ. ಒಂದು ಬೆಳಿಗ್ಗೆ ಪರದೆಯ ಮೇಲೆ ಕೆಂಪು ಗುರುತು ಮೂಡಿ ಗಾಡಿ ಅಲುಗಾಡಲಿಲ್ಲ. ಪೆಟ್ರೋಲ್ ಗಾಡಿಯಾಗಿದ್ದರೆ ಊರಿನ ಮೆಕ್ಯಾನಿಕ್ ಪ್ಲಗ್ಗು ಬಿಚ್ಚಿ ಊದಿ ನೋಡುತ್ತಿದ್ದ. ಇದಕ್ಕೆ ಕಂಪನಿಯ ಲ್ಯಾಪ್‌ಟಾಪ್ ಸಿಕ್ಕಿಸದೆ ದೋಷವೇ ತಿಳಿಯುವುದಿಲ್ಲ. ಟೆಂಪೋದಲ್ಲಿ ಹೇರಿಸಿ ಶಿವಮೊಗ್ಗಕ್ಕೆ ಕಳುಹಿಸಿದೆ. ಮೋಟಾರಿಗೆ ಶಕ್ತಿ ಹಂಚುವ ಕಂಟ್ರೋಲರ್ ಹೋಗಿದೆ ಎಂದರು, ಬಿಡಿಭಾಗ ಬರಬೇಕು ಎಂದರು. 23 ದಿನ ಗಾಡಿ ಅಲ್ಲಿಯೇ ಬಿದ್ದಿತ್ತು. ಅಷ್ಟು ದಿನ ನಾನು ಬಸ್ಸಿಗೆ ಕಾದೆ. ವಾರಂಟಿಯಲ್ಲಿ ಹಣ ಕೊಡಬೇಕಾಗಲಿಲ್ಲ ಎಂಬುದು ನಿಜ, ಆದರೆ 23 ದಿನಕ್ಕೆ ಯಾವ ವಾರಂಟಿ? ನಾಲ್ಕು ತಿಂಗಳ ನಂತರ ತಂತ್ರಾಂಶವನ್ನು ಹೊಸದು ಮಾಡಿದ ಮಾರನೆಯ ದಿನವೇ ಮತ್ತೊಮ್ಮೆ ನಿಂತಿತು.

ಇದು ನನ್ನೊಬ್ಬನ ಗೋಳಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೇಶದ ದೊಡ್ಡ ಸ್ಕೂಟರ್ ಕಂಪನಿಯೊಂದಕ್ಕೆ ಕಾರಣ ಕೇಳಿ ನೋಟಿಸ್ ಕೊಟ್ಟಾಗ, ಸುಮಾರು ಒಂದು ವರ್ಷದಲ್ಲಿ ಆ ಒಂದೇ ಕಂಪನಿಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದಿದ್ದ ದೂರುಗಳು ಹತ್ತು ಸಾವಿರವನ್ನು ಮೀರಿದ್ದವು. ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯೊಳಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಸರ್ವೀಸಿಗೆ ಬಿಟ್ಟ ಪ್ರತಿ ಸಲವೂ ಜಾಬ್ ಕಾರ್ಡಿನ ಪ್ರತಿಯನ್ನು ಕೇಳಿ ಪಡೆಯಿರಿ, ಬಿಟ್ಟ ದಿನ ಮತ್ತು ಮರಳಿ ಪಡೆದ ದಿನ ಎರಡೂ ಅದರಲ್ಲಿ ಇರಲಿ. ನನ್ನಲ್ಲಿ ಅವು ಇರಲಿಲ್ಲ, ಆದ್ದರಿಂದ ಸುಮ್ಮನೆ ಮಾರಿದೆ.

ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಗಾಡಿ ಇದ್ದರೆ ಕೊಳ್ಳಿ. ಇದೊಂದನ್ನೇ ನಂಬಿ ಕೆಲಸಕ್ಕೆ ಹೋಗುವವರಿಗೆ ನಾನಂತೂ ಕೊಳ್ಳಿ ಎನ್ನಲಾರೆ.

ತುಂಗಾತೀರ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರವಾದ್ದರಿಂದ ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಜಗಲಿಯ ಸಾಕೆಟ್ ಬಿಚ್ಚಿಸಿದೆವು. ಹಿರಿಯರು ಬರೆದಂತೆಯೇ ಮೂರನೆಯ ತೂತಿಗೆ ತಂತಿಯಿರಲಿಲ್ಲ. ಒಳಗಿನ ಪ್ಲಾಸ್ಟಿಕ್ಕು ಒಂದು ಬದಿಗೆ ಕಂದಾಗಿತ್ತು. ಮಾವನವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅದೇ ಪ್ಲಗ್ಗಿಗೆ ಹತ್ತು ವರ್ಷದಿಂದ ನಾವು ಇಸ್ತ್ರಿಪೆಟ್ಟಿಗೆ ಹಾಕುತ್ತಿದ್ದೆವು.

ಅವರು ಈಗ ಒಂದು ಮೆಟ್ಟಿಲು ಇಳಿದಿದ್ದಾರೆ: ಗಾಡಿ ಬರಲಿ, ಆದರೆ ಮನೆಗೂ ಕೊಟ್ಟಿಗೆಗೂ ತಾಗದಂತೆ ಅಂಗಳದ ಆಚೆ ಕಡೆಗೆ ತಗಡಿನ ಮಾಡು ಹಾಕಿಸಿ ಅಲ್ಲಿ ಚಾರ್ಜ್ ಆಗಲಿ ಎನ್ನುತ್ತಾರೆ. ಮೀಟರ್ ಬೋರ್ಡಿನಿಂದ ಆ ಜಾಗಕ್ಕೆ 22 ಮೀಟರ್ ದೂರವಿದೆ. ಅಷ್ಟು ದೂರಕ್ಕೆ ಅದೇ ತಂತಿ ಸಾಕೇ? ಗಾಜನೂರಿನವರ ಮಾತು ಮನಸ್ಸಿನಲ್ಲಿ ಉಳಿದಿದೆ. ಯಜಮಾನರ ಬೈಕ್ ಮನೆಯಲ್ಲಿರುವುದರಿಂದ ಪೂರ್ತಿ ಕೈಕಟ್ಟಿದಂತಾಗದು ಎಂದುಕೊಂಡಿದ್ದೇನೆ.

ಉಳಿದಿರುವುದು ಆಗುಂಬೆ ಘಟ್ಟದ ಪ್ರಶ್ನೆ. ಇಳಿಯುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಹೆದರಬೇಕಾಗಿಲ್ಲ ಎಂದು ಅಂಗಡಿಯ ಹುಡುಗ ಹೇಳಿದ. ಅದು ಎಷ್ಟರ ಮಟ್ಟಿಗೆ ನಿಜ?

ಸಾಗರದ ಮೇಷ್ಟ್ರು:

ಭೌತಶಾಸ್ತ್ರ ಪಾಠ ಮಾಡುವವನಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನಿರಲಾಗುವುದಿಲ್ಲ. ಲೆಕ್ಕವನ್ನೇ ಮಾಡೋಣ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಎತ್ತರ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳಿ. ಗಾಡಿ, ನೀವು, ಮಗಳು, ಚೀಲ ಎಲ್ಲ ಸೇರಿ 230 ಕಿಲೋ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ 0.31 ಕಿಲೋವ್ಯಾಟ್ ಅವರ್. ಮೋಟಾರು, ಕಂಟ್ರೋಲರಿನ ನಷ್ಟ ಸೇರಿಸಿದರೆ 0.4ರ ಹತ್ತಿರ. 3 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ಅದು ನೂರಕ್ಕೆ 13 ಪಾಲು. ಇದು ಏರಿಗೆ ಮಾತ್ರ ತಗಲುವ ಖರ್ಚು. ರಸ್ತೆಯ ಉಜ್ಜಾಟ, ಗಾಳಿಯ ಖರ್ಚು ಬೇರೆ. ಇಳಿಯುವಾಗ ಅದರಲ್ಲಿ ಅರ್ಧ ಮರಳಿ ಬಂದರೂ ಐದಾರು ಪಾಲು ತುಂಬಿತೆನ್ನಬಹುದು. ಅಂಗಡಿಯ ಹುಡುಗ ಸುಳ್ಳು ಹೇಳಿಲ್ಲ, ಆದರೆ ಅದನ್ನು ನಂಬಿ ಹೊರಡುವಷ್ಟು ದೊಡ್ಡ ಲಾಭವೂ ಅಲ್ಲ.

ಅವನು ಹೇಳದೆ ಬಿಟ್ಟದ್ದು ಬ್ರೇಕಿನ ವಿಚಾರ. ಇಳಿಜಾರಿನಲ್ಲಿ ಮೋಟಾರು ಡೈನಮೋದಂತೆ ತಿರುಗಿ ಗಾಡಿಯನ್ನು ತಡೆಹಿಡಿಯುತ್ತದೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಆಗಲೇ ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿರುವುದಿಲ್ಲ, ಆದ್ದರಿಂದ ಗಾಡಿ ಆ ತಡೆಯನ್ನು ನಿಲ್ಲಿಸಿಬಿಡುತ್ತದೆ ಅಥವಾ ತೀರ ಕಡಿಮೆ ಮಾಡುತ್ತದೆ. ಆಗ 14 ಹಿಮ್ಮುರಿ ತಿರುವುಗಳ ಇಳಿಜಾರಿನ ಅಷ್ಟೂ ಶಕ್ತಿಯನ್ನು ಎರಡು ಪುಟ್ಟ ಬ್ರೇಕುಗಳೇ ಕಾವಾಗಿ ಕಳೆಯಬೇಕು. ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ನಿಮ್ಮ ಮಟ್ಟಿಗೆ ಸಮಾಧಾನದ ಸಂಗತಿಯೆಂದರೆ, ಆಗುಂಬೆ ಮುಟ್ಟುವ ಹೊತ್ತಿಗೆ ನೀವು 50 ಕಿ.ಮೀ. ಓಡಿಸಿರುತ್ತೀರಿ, ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆದರೆ ಆಗುಂಬೆಯಲ್ಲಿ ಬಂಧುಗಳ ಮನೆಯಲ್ಲಿ ಉಳಿದು, ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯುವ ಸಂದರ್ಭ ಬಂದರೆ ನೂರಕ್ಕೆ 85ಕ್ಕೆ ಚಾರ್ಜ್ ನಿಲ್ಲಿಸಿ. ಗುಡ್ಡದ ತುದಿಯಲ್ಲಿ ಮನೆಯಿರುವವರೆಲ್ಲರೂ ಪ್ರತಿದಿನ ಹೀಗೆಯೇ ಮಾಡುವುದು ಒಳ್ಳೆಯದು. ಬ್ಯಾಟರಿಯ ಬಾಳಿಕೆಗೂ ಅದು ಹಿತ.

75 ಕಿ.ಮೀ. ನಂಬಿಕೆಯ ಗಾಡಿಯಲ್ಲಿ 75 ಕಿ.ಮೀ. ಹೋಗುವುದು ಮಾತ್ರ ಜೂಜು. ಹೋಗುವಾಗ ಇಳಿಜಾರು ಸೇರಿರುವುದರಿಂದ ತಲುಪಿದರೂ ತಲುಪಬಹುದು. ಮರಳುವಾಗ ಘಟ್ಟ ಏರಿ, ಆಮೇಲೆ ಮತ್ತೆ 50 ಕಿ.ಮೀ. ಉಳಿದಿರುತ್ತದೆ. ಆಗುಂಬೆಯಲ್ಲಿಯೋ ತೀರ್ಥಹಳ್ಳಿಯಲ್ಲಿಯೋ ಎರಡು ತಾಸು ಚಾರ್ಜಿಗೆ ನಿಲ್ಲುವ ಏರ್ಪಾಡಿಲ್ಲದೆ ಹೊರಡಬೇಡಿ. ನಾನಾಗಿದ್ದರೆ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೊಳ್ಳುವ ಮುಂಚೆ ಅಂಗಡಿಯ ಗಾಡಿಯನ್ನು ನಿಮ್ಮ ಮನೆಯ ಮಣ್ಣಿನ ಏರಿಗೇ ತರಿಸಿ, ಮಗಳನ್ನು ಕೂರಿಸಿಕೊಂಡು ಏರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ. ಚಕ್ರದೊಳಗೇ ಮೋಟಾರು ಕೂರಿಸಿರುವ ಕೆಲವು ಗಾಡಿಗಳು ಉದ್ದ ಏರಿನಲ್ಲಿ ಬೇಗ ಕಾದು ತಾವೇ ವೇಗ ಇಳಿಸುತ್ತವೆ. ಅದು ಪೇಟೆಯ ರಸ್ತೆಯ ಟೆಸ್ಟ್ ರೈಡಿನಲ್ಲಿ ತಿಳಿಯುವುದಿಲ್ಲ.

ಹಳೇ ಮೀಟರ್ ಬೋರ್ಡು:

ತಂಗೀ, 22 ಮೀಟರಿಗೆ 2.5ರ ತಂತಿಯೇ ಸಾಕು. 750 ವ್ಯಾಟಿಗೆ ಅಷ್ಟು ದೂರದಲ್ಲಿ ಇಳಿಯುವ ವೋಲ್ಟೇಜ್ ಒಂದು ವೋಲ್ಟಿನಷ್ಟು. ಮುಂದೆ ಹೆಚ್ಚು ಶಕ್ತಿಯ ಚಾರ್ಜರ್ ತರುವ ಯೋಚನೆಯಿದ್ದರೆ ಈಗಲೇ 4ರದ್ದನ್ನು ಎಳೆಸಿ. ಅಂಗಳದಲ್ಲಿ ತಂತಿಯನ್ನು ನೇರ ಮಣ್ಣಿನಲ್ಲಿ ಹೂಳಿಸಬೇಡಿ, ಅಡಿಕೆ ಒಣಗಿಸುವ ಚಪ್ಪರದ ಗೂಟ ನೆಡುವಾಗ ಹಾರೆ ತಾಗುತ್ತದೆ; ಗಟ್ಟಿ ಪೈಪಿನೊಳಗೆ ಎರಡು ಅಡಿ ಆಳದಲ್ಲಿ ಹಾಯಿಸಿ, ಮೇಲೆ ಸಾಲಾಗಿ ಇಟ್ಟಿಗೆ ಇಡಿಸಿ. ಆ ಮಾಡಿನ ಪಕ್ಕದಲ್ಲಿಯೇ ಹೊಸ ಅರ್ತ್ ಗುಂಡಿ ತೆಗೆಸಿ. ತಗಡಿನ ಮಾಡಿಗೆ ಕಬ್ಬಿಣದ ಕಂಬ ಹಾಕುವುದಾದರೆ ಅದನ್ನೂ ಅರ್ತಿಗೆ ಜೋಡಿಸಬೇಕು. ಸಾಕೆಟ್ ನೆಲದಿಂದ ನಾಲ್ಕು ಅಡಿ ಮೇಲಿರಲಿ, ಮುಚ್ಚಳವಿರುವ ಮಳೆತಡೆ ಪೆಟ್ಟಿಗೆಯೊಳಗಿರಲಿ. ಗಾಳಿಮಳೆಗೆ ಇರಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆಂದು ನಿಮ್ಮ ಮಾವನವರಿಗೆ ಗೊತ್ತಿರುತ್ತದೆ, ಆ ಬದಿಗೆ ಗೋಡೆ ಎಬ್ಬಿಸಿ ಉಳಿದ ಕಡೆ ತೆರೆದಿಡಿ.

ಗೃಹಜ್ಯೋತಿಯ ಲೆಕ್ಕವನ್ನೂ ನೋಡಿಕೊಳ್ಳಿ. ದಿನಕ್ಕೆ 38 ಕಿ.ಮೀ. ಎಂದರೆ ತಿಂಗಳಿಗೆ ಸುಮಾರು 40 ಯೂನಿಟ್ ಹೆಚ್ಚುತ್ತದೆ. ನಿಮಗೆ ನಿಗದಿಯಾದ ಸರಾಸರಿಯನ್ನು ದಾಟಿದ ಭಾಗಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಪೆಟ್ರೋಲಿನ ಮುಂದೆ ಅದು ಸಣ್ಣ ಮೊತ್ತವೇ, ಆದರೆ ಮೊದಲ ತಿಂಗಳ ಬಿಲ್ಲು ಬಂದಾಗ ಮನೆಯಲ್ಲಿ ಮಾತು ಬರಬಾರದು. ಕಂದಾದ ಆ ಹಳೆಯ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನೂ ಇನ್ನು ಹಾಕಬೇಡಿ.